ಎಂಜಿಎ ಕಾರಿಗೆ ಯಾವ ವೈರಿಂಗ್ ಹಾರ್ನೆಸ್: ನೂಲಿನ ಹೊದಿಕೆಯದೋ, ಪಿವಿಸಿಯದೋ?

1955ರಿಂದ 1962ರವರೆಗೆ ತಯಾರಾದ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಎಯ ಮೂಲ ರೂಪವನ್ನೇ ಉಳಿಸಬೇಕೆನ್ನುವವರಿಗೆ ಹತ್ತಿ ನೂಲಿನ ಹೆಣಿಗೆಯ ಹಾರ್ನೆಸ್ಸೇ (ಕಾರಿನ ವಿದ್ಯುತ್ ತಂತಿಗಳ ಕಟ್ಟು) ಸರಿ. ಆದರೆ ಆ ನೂಲು ಎಣ್ಣೆ, ತೇವಗಳನ್ನು ಹೀರಿಕೊಂಡು ಬೇಗ ಕಪ್ಪಾಗುತ್ತದೆ. ಪಿವಿಸಿ (ಪ್ಲಾಸ್ಟಿಕ್) ಹೊದಿಕೆಯದು ಅಗ್ಗ, ಒರೆಸಿದರೆ ಸ್ವಚ್ಛ. ಬಾನೆಟ್ ಎತ್ತಿದಾಗ ಮಾತ್ರ ಹೊಸದೆಂದು ಎದ್ದು ಕಾಣುತ್ತದೆ. ಯಾವುದನ್ನು ಕೊಂಡರೂ ಕಾರಿನ ವಿದ್ಯುತ್ ಭಾಗಗಳನ್ನು ತಯಾರಿಸುತ್ತಿದ್ದ ಲೂಕಾಸ್ ಕಂಪನಿಯ ತಂತಿ ಬಣ್ಣಗಳ ಕ್ರಮ ತಪ್ಪಬಾರದು: ಕಂದು ತಂತಿ ಫ್ಯೂಸಿಲ್ಲದೆ ಬ್ಯಾಟರಿಯಿಂದ ಬರುತ್ತದೆ, ಬಿಳಿಯದು ಇಗ್ನಿಷನ್ ಸ್ವಿಚ್ಚಿನಿಂದ, ಹಸಿರು ಅದೇ ಕರೆಂಟು ಫ್ಯೂಸ್ ದಾಟಿದ ಮೇಲೆ, ಕಪ್ಪು ಅರ್ತ್ (ಕಾರಿನ ಲೋಹದ ಮೈಗೆ ಸೇರುವುದು). ಬ್ಯಾಟರಿ ಚಾರ್ಜ್ ಮಾಡುವ ಹಳೆಯ ಡೈನಮೊ ತೆಗೆದು ಅದರ ಬದಲು ಆಲ್ಟರ್ನೇಟರ್ ಕೂರಿಸುವ ಯೋಚನೆಯಿದ್ದರೆ, ಹೆಚ್ಚಿನ ಕರೆಂಟನ್ನು ತಾಳುವಷ್ಟು ದಪ್ಪನೆಯ ಕಂದು ತಂತಿಯನ್ನು ಆರ್ಡರ್ ಕೊಡುವಾಗಲೇ ಹೇಳಿ ಹಾಕಿಸಿಕೊಳ್ಳಬೇಕು. ಆಗ ಪಾಸಿಟಿವ್ ಅರ್ತನ್ನು (ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಮೈಗೆ ಸೇರಿರುವುದನ್ನು) ನೆಗೆಟಿವ್‌ಗೆ ಬದಲಿಸುವುದೂ ಆಗಬೇಕು. ಪ್ರದರ್ಶನಕ್ಕೆ ನಿಲ್ಲಿಸುವ ಕಾರಲ್ಲದಿದ್ದರೆ ನಾನು ಪಿವಿಸಿಯನ್ನೇ ಆರಿಸುತ್ತೇನೆ.