ಕಡಲ ಕೆಲಸಗಾರರನ್ನು ಒಯ್ಯುವ ಹಡಗು: ಯಾವ ನಿಯಮ ಹಿಡಿಯಬೇಕು?

ಸಮುದ್ರದಲ್ಲಿ ನೆಟ್ಟ ಗಾಳಿಯಂತ್ರಗಳಿಗೆ 12ಕ್ಕಿಂತ ಜಾಸ್ತಿ ಕೆಲಸಗಾರರನ್ನು ಒಯ್ಯುವ ಹಡಗು ಕಟ್ಟಿಸುತ್ತಿದ್ದೀರಾ? ಮುಂದೆ ಮೂರು ದಾರಿಗಳಿವೆ.

ಪ್ರಯಾಣಿಕರ ಹಡಗಿನ ನಿಯಮ ಬಹಳ ಬಿಗಿ. ಅದು ಮಕ್ಕಳು, ಮುದುಕರು ಎಲ್ಲರೂ ಹತ್ತುವ ಹಡಗಿಗೆ. ಈ ಕೆಲಸಕ್ಕೆ ಸುಮ್ನೆ ಹೊರೆ.

2008ರ ಎಸ್‌ಪಿಎಸ್ ಕೋಡ್ (ವಿಶೇಷ ಉದ್ದೇಶದ ಹಡಗುಗಳ ನಿಯಮಾವಳಿ) ಹಡಗಿನ ಮೇಲೆಯೇ ದುಡಿಯುವವರಿಗೆ ಸರಿ. ಸಂಶೋಧಕರು, ಕೇಬಲ್ ಹಾಸುವವರು ಇಂಥವರು. ಆದರೆ ಸೋಲಾಸ್ ಎಂಬ ಕಡಲ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಅದು ಕಡ್ಡಾಯವಲ್ಲ, ಶಿಫಾರಸು ಅಷ್ಟೇ.

ನಿಮ್ಮ ಜನ ಹಡಗಿನಿಂದಿಳಿದು ಬೇರೆಡೆ ದುಡಿಯುವವರು, ಅಲ್ವಾ? ಹಾಗಾದರೆ ಐಪಿ ಕೋಡ್ (ಕೈಗಾರಿಕಾ ಕೆಲಸಗಾರರನ್ನು ಒಯ್ಯುವ ಹಡಗುಗಳ ನಿಯಮಾವಳಿ) ಅವರಿಗಾಗಿಯೇ ಬರೆದದ್ದು. 2024ರ ಜುಲೈ 1ರಿಂದ ಸೋಲಾಸ್‌ನ 15ನೇ ಅಧ್ಯಾಯ ಅದನ್ನು ಕಡ್ಡಾಯ ಮಾಡಿದೆ. ದೇಶದಿಂದ ದೇಶಕ್ಕೆ ಓಡುವ, 500 ಗ್ರಾಸ್ ಟನ್ನೇಜ್ (ಹಡಗಿನ ಒಳಗಾತ್ರದ ಅಳತೆ) ಮತ್ತು ಮೇಲ್ಪಟ್ಟ ಸರಕು ಹಡಗುಗಳಿಗೆ, ಅಂದರೆ ಪ್ರಯಾಣಿಕರ ಹಡಗಲ್ಲದವುಗಳಿಗೆ, ಅನ್ವಯ. ಕೆಲಸಗಾರನಿಗೆ 16 ವರ್ಷ ತುಂಬಿರಬೇಕು, ದೇಹ ಗಟ್ಟಿಯಿರಬೇಕು, ಸುರಕ್ಷತಾ ತರಬೇತಿ ಮೊದಲೇ ಆಗಿರಬೇಕು. ನನಗೆ ತುಂಬಾ ಹಿಡಿಸಿದ್ದು, ಹಡಗಿನಿಂದ ದಾಟುವ ಆ ಕ್ಷಣಕ್ಕೂ ಇದರಲ್ಲಿ ನಿಯಮವಿದೆ. ಅಲೆ ಎತ್ತಿ ಹಾಕುವಾಗ ಕಾಲು ಜಾರಿದರೆ ಜೀವವೇ ಹೋದೀತು. ನಾನಾದರೆ ಇದನ್ನೇ ಆರಿಸುತ್ತೇನೆ.