ಎಲ್‌ಟಿಸ್ಪೈಸ್ ಜೊತೆ ಆರು ವರ್ಷ: ಅಜ್ಜನ ರೇಡಿಯೊದ ಸಿಳ್ಳೆ ಹುಡುಕಿಕೊಟ್ಟ ತಂತ್ರಾಂಶ

ಬದಿಯಡ್ಕದ ಬಳಿ ಅಡಿಕೆ ತೋಟಗಳ ಪಂಪಿಗೆ ಕಂಟ್ರೋಲರ್ ತಯಾರಿಸುವ ಸಣ್ಣ ಕಾರ್ಯಾಗಾರ ನನ್ನದು. ಮೊದಲ ಬೋರ್ಡನ್ನು ಒಂದು ತೋಟದಲ್ಲಿ ಕೂರಿಸಿದ ವಾರದಲ್ಲೇ ಆ ಮನೆಯ ಅಜ್ಜ ಹೇಳಿ ಕಳುಹಿಸಿದರು: ಪೆಟ್ಟಿಗೆಗೆ ಕರೆಂಟು ಕೊಟ್ಟರೆ ಮಂಗಳೂರು ಆಕಾಶವಾಣಿಯ ಯಕ್ಷಗಾನದ ಮೇಲೆ ಸಿಳ್ಳೆ ಕೇಳುತ್ತದೆ. ಮಂಗಳೂರು ನಿಲಯದ ಮಧ್ಯಮ ತರಂಗ 1089 ಕಿಲೋಹರ್ಟ್ಸ್. ನನ್ನ ಪವರ್ ಸಪ್ಲೈ ಚಿಪ್ ಹೆಸರಿಗೆ 65 ಕಿಲೋಹರ್ಟ್ಸ್, ಅಳೆದರೆ 64. ಇಂಥ ಚಿಪ್ಪಿನ ವಿದ್ಯುತ್ ಗದ್ದಲ (ನಾಯ್ಸ್) ಆ ಸಂಖ್ಯೆಯ ಗುಣಕಗಳಲ್ಲೂ ಹೊರಡುತ್ತದೆ. ಅದರ ಹದಿನೇಳರಷ್ಟು 1088. ನಡುವಿನ ಒಂದು ಕಿಲೋಹರ್ಟ್ಸ್ ಅಂತರವೇ ಅಜ್ಜನ ಕಿವಿಗೆ ಸಿಳ್ಳೆಯಾಗಿತ್ತು.

ಕಾರಣ ಹುಡುಕಲು ಹಿಡಿದದ್ದು ಎಲ್‌ಟಿಸ್ಪೈಸ್, ಸರ್ಕ್ಯೂಟ್ ಹೇಗೆ ನಡೆದುಕೊಳ್ಳುತ್ತದೆ ಎಂದು ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ತೋರಿಸುವ ತಂತ್ರಾಂಶ. ಅದು ಉಚಿತ. ಲೀನಿಯರ್ ಟೆಕ್ನಾಲಜಿ ರೂಪಿಸಿದ್ದು, ಈಗ ಅನಲಾಗ್ ಡಿವೈಸಸ್ ಕೈಯಲ್ಲಿದೆ. ಹಳೆಯ ಲ್ಯಾಪ್‌ಟಾಪಿನಲ್ಲೂ ಚೆನ್ನಾಗಿ ಓಡುತ್ತದೆ. ಸರ್ಕ್ಯೂಟ್ ಬರೆದು, ಮುಂದೆ ಪ್ರಯೋಗಾಲಯದಲ್ಲಿ ತಂತಿಯ ಮೂಲಕ ಹೊರಬರುವ ನಾಯ್ಸ್ ಅಳೆಯಲು ಬಳಸುವ ಲಿಸನ್ ಜಾಲವನ್ನು, ಅಂದರೆ 50 ಮೈಕ್ರೊಹೆನ್ರಿ ಮತ್ತು 50 ಓಮ್‌ಗಳನ್ನು, ಸೇರಿಸಿ ಓಡಿಸಿದೆ. ಪರದೆಯ ಮೇಲೆ ನಾಯ್ಸ್ ಮಿತಿಗಿಂತ ಎಷ್ಟೋ ಕೆಳಗಿತ್ತು. ಅಜ್ಜನ ರೇಡಿಯೊ ಮಾತ್ರ ಸಿಳ್ಳೆ ಹಾಕುತ್ತಲೇ ಇತ್ತು.

ತಪ್ಪು ನನ್ನ ಚಿತ್ರದಲ್ಲಿತ್ತು. ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡುವ ಮಾಸ್‌ಫೆಟ್‌ಗೂ ಅದರ ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್‌ಗೂ ನಡುವೆ ಇರುವ ತೆಳು ಹಾಳೆಯೇ ಒಂದು ಕೆಪಾಸಿಟರ್. ಅದನ್ನು ಯಾವ ಸರ್ಕ್ಯೂಟ್ ನಕ್ಷೆಯಲ್ಲೂ ಬರೆಯುವುದಿಲ್ಲ. 50 ಪಿಕೋಫ್ಯಾರಡ್ ಎಂದು ಹಿಡಿಯಿರಿ. 300 ವೋಲ್ಟ್ 30 ನ್ಯಾನೊಸೆಕೆಂಡಿನಲ್ಲಿ ಏರಿದರೆ ಆ ಹಾಳೆಯ ಮೂಲಕ ಕ್ಷಣಕಾಲ ಅರ್ಧ ಆಂಪಿಯರ್ ಅರ್ತಿನ ಕಡೆಗೆ ಹರಿಯುತ್ತದೆ! ಆ ಒಂದು ಕೆಪಾಸಿಟರ್ ಬರೆದ ಕೂಡಲೇ 1089ರ ಮಗ್ಗುಲಲ್ಲಿ ಮುಳ್ಳು ಎದ್ದು ನಿಂತಿತು. ಅಂದಿನ ರೋಮಾಂಚನ ಇನ್ನೂ ಮರೆತಿಲ್ಲ.

ಅಲ್ಲಿಂದ ಮುಂದೆ ಕಣ್ಣಿಗೆ ಕಾಣದ ಭಾಗಗಳನ್ನು ಬರೆಯುವುದೇ ನನ್ನ ಮುಖ್ಯ ಕೆಲಸವಾಯಿತು. ನಾಯ್ಸ್ ತಡೆಯುವ ಫಿಲ್ಟರಿನ 2.2 ನ್ಯಾನೊಫ್ಯಾರಡ್ ಕೆಪಾಸಿಟರಿನ ಕಾಲುಗಳನ್ನು ಉದ್ದ ಬಿಟ್ಟು ಅವುಗಳ ಇಂಡಕ್ಟೆನ್ಸ್ 20 ನ್ಯಾನೊಹೆನ್ರಿ ಆದರೆ, ಅದು 24 ಮೆಗಾಹರ್ಟ್ಸ್‌ವರೆಗೆ ಮಾತ್ರ ಕೆಪಾಸಿಟರ್. ಆಮೇಲೆ ಕಾಯಿಲ್‌ನಂತೆ ವರ್ತಿಸುತ್ತದೆ. ಪ್ರಯೋಗಾಲಯದಲ್ಲಿ ತಂತಿಯ ನಾಯ್ಸ್ ಪರೀಕ್ಷೆ ನಡೆಯುವುದು 30 ಮೆಗಾಹರ್ಟ್ಸ್‌ವರೆಗೆ. ಕಾಲು ಕತ್ತರಿಸಿ ಬೆಸುಗೆ ಹಾಕಿ ಎಂದು ನಮ್ಮ ಹುಡುಗರಿಗೆ ನಾನು ದಿನಾ ಹೇಳುವುದು ಇದಕ್ಕೇ.

ಹೊಸಬರು ಗಮನಿಸಬೇಕಾದ್ದು ಇದೆ. ಪ್ಲಾಟ್‌ವಿನ್‌ಸೈಜ್ ಎಂಬ ಸೆಟ್ಟಿಂಗನ್ನು ಸೊನ್ನೆ ಮಾಡದಿದ್ದರೆ ತಂತ್ರಾಂಶ ತರಂಗವನ್ನು ಕುಗ್ಗಿಸಿ ಉಳಿಸುತ್ತದೆ, ಎಫ್‌ಎಫ್‌ಟಿಯಲ್ಲಿ, ಅಂದರೆ ತರಂಗವನ್ನು ಆವರ್ತನಗಳಾಗಿ ಬಿಡಿಸಿದ ಚಿತ್ರದಲ್ಲಿ, ಇಲ್ಲದ ನಾಯ್ಸ್ ಕಾಣುತ್ತದೆ. ಗರಿಷ್ಠ ಟೈಮ್ ಸ್ಟೆಪ್ಪನ್ನು, ಅಂದರೆ ಲೆಕ್ಕದ ಎರಡು ಹೆಜ್ಜೆಗಳ ನಡುವಿನ ಕಾಲವನ್ನು, ಒಂದೆರಡು ನ್ಯಾನೊಸೆಕೆಂಡಿಗೆ ಇಳಿಸಿ. ಬರುವ ಡೆಸಿಬಲ್‌ಗೆ 120 ಕೂಡಿಸಿದರೆ ಡೆಸಿಬಲ್ ಮೈಕ್ರೊವೋಲ್ಟ್. ಮನೆಬಳಕೆ ಸಾಧನಗಳ ಕ್ವಾಸಿಪೀಕ್ (ನಾಯ್ಸ್ ಎಷ್ಟು ಪದೇ ಪದೇ ಬರುತ್ತದೆ ಎಂಬುದನ್ನೂ ತೂಗಿ ಅಳೆಯುವ ಕ್ರಮ) ಮಿತಿ ಅದೇ ಮಾನದಲ್ಲಿ 500 ಕಿಲೋಹರ್ಟ್ಸ್‌ನಿಂದ 5 ಮೆಗಾಹರ್ಟ್ಸ್‌ವರೆಗೆ 56. ಅಜ್ಜನ ನಿಲಯ ಇರುವುದೂ ಇದರೊಳಗೇ.

ಗಾಳಿಯಲ್ಲಿ ಹರಡುವ ನಾಯ್ಸ್ ಮಾತ್ರ ಎಲ್‌ಟಿಸ್ಪೈಸ್‌ಗೆ ದಕ್ಕುವುದಿಲ್ಲ. ಬೋರ್ಡಿನ ಆಕಾರ, ತಂತಿಯ ಉದ್ದ ಇದಕ್ಕೆ ಗೊತ್ತೇ ಇಲ್ಲ. ಅದಕ್ಕಾಗಿ ಎರಡು ವರ್ಷಗಳಿಂದ ವಿದ್ಯುತ್ಕಾಂತ ಅಲೆಗಳನ್ನು ಲೆಕ್ಕ ಹಾಕುವ ಓಪನ್‌ಇಎಂಎಸ್ ತಂತ್ರಾಂಶ ಬಳಸುತ್ತಿದ್ದೇನೆ. ಅದೂ ಉಚಿತ, ಜಾಗವನ್ನು ಸಣ್ಣ ಚೌಕಗಳ ಜಾಲವಾಗಿ ಹಂಚಿ ಲೆಕ್ಕ ಹಾಕುವ, 1966ರಲ್ಲಿ ಕೇನ್ ಯೀ ಕೊಟ್ಟ ವಿಧಾನದ ಮೇಲೆ ನಿಂತಿದೆ. ಜಾಲದಲ್ಲಿ ಒಂದೇ ಒಂದು ಚೌಕ ತೀರಾ ಸಣ್ಣದಾದರೂ ಇಡೀ ಲೆಕ್ಕ ನಿಧಾನವಾಗುತ್ತದೆ. ರಾತ್ರಿಯಿಡೀ ಓಡಬೇಕು, ಮಳೆಗಾಲದಲ್ಲಿ ಕರೆಂಟು ಹೋದರೆ ಮೊದಲಿನಿಂದ.

ಬೆಂಗಳೂರಿನ ಪ್ರಯೋಗಾಲಯಕ್ಕೆ ಒಮ್ಮೆ ಹೋಗಿ ಬರುವ ಖರ್ಚು ನಮ್ಮಂಥವರಿಗೆ ದೊಡ್ಡದು. ಮೊದಲೆಲ್ಲ ಒಂದೇ ಬೋರ್ಡಿಗೆ ಮೂರು ಬಾರಿ ಹೋದದ್ದಿದೆ. ಈಚಿನ ಎರಡು ಬೋರ್ಡುಗಳು ತಂತಿಯ ನಾಯ್ಸ್ ಪರೀಕ್ಷೆಯಲ್ಲಿ ಮೊದಲ ಸಲವೇ ಪಾಸಾದವು. ಅಜ್ಜನ ತೋಟದ ಪೆಟ್ಟಿಗೆಯನ್ನೂ ಬದಲಿಸಿ ಕೊಟ್ಟೆ. ಪಂಪ್ ಓಡುತ್ತಿರುವಾಗಲೇ ಅವರು ರೇಡಿಯೊ ಹಚ್ಚಿ, ಭಾಗವತರ ಪದ ಮುಗಿಯುವವರೆಗೆ ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡರು.