ಮರ್ಚಿಸನ್ ಜಲಪಾತ: ಜೋಗ ಕಂಡವರು ಹೋಗಬೇಕೇ?

ಉಗಾಂಡದ ಮರ್ಚಿಸನ್ ಜಲಪಾತದ ಎತ್ತರ ಸುಮಾರು 43 ಮೀಟರ್ ಎಂದು ಓದಿದಾಗ, 253 ಮೀಟರ್ ಎತ್ತರದ ಜೋಗವನ್ನು ನೋಡುತ್ತ ಸಾಗರದಲ್ಲಿ ಬೆಳೆದ ನನಗೆ ಇಷ್ಟಕ್ಕಾಗಿ ಅಷ್ಟು ದೂರ ಹೋಗಬೇಕೇ ಎನಿಸಿದ್ದು ನಿಜ. ಆದರೆ ಅಲ್ಲಿನ ವಿಶೇಷವಿರುವುದು ಇಕ್ಕಟ್ಟಿನಲ್ಲಿ. ಅಗಲವಾಗಿ ಹರಿದುಬರುವ ನೈಲ್ ನದಿ ಸುಮಾರು 7 ಮೀಟರ್ ಅಗಲದ ಬಂಡೆಯ ಸೀಳಿನೊಳಗೆ ನುಗ್ಗುತ್ತದೆ. ಅಂಚಿನಲ್ಲಿ ನಿಂತರೆ ಅಂಗಾಲಿಗೆ ನೆಲದ ಅದುರು ತಿಳಿಯುತ್ತದೆ. ಕನ್ನಡಕವನ್ನು ಒರೆಸಿದಷ್ಟೂ ತುಂತುರು ಕೂರುತ್ತದೆ. ಲಿಂಗನಮಕ್ಕಿ ಅಣೆಕಟ್ಟು ಬಂದ ನಂತರ ಬೇಸಿಗೆಯಲ್ಲಿ ಸೊರಗುವ ಜೋಗವನ್ನು ಕಂಡವರಿಗೆ ಈ ನೀರಿನ ಸೊಕ್ಕು ಸ್ವಲ್ಪ ಹೊಟ್ಟೆಕಿಚ್ಚನ್ನೂ ತರಿಸೀತು. ಪಕ್ಕದಲ್ಲಿರುವ ಉಹುರು ಎಂಬ ಕವಲು ದೇಶ ಸ್ವತಂತ್ರವಾದ 1962ರ ಪ್ರವಾಹದಲ್ಲಿ ಒಡೆದುಕೊಂಡದ್ದು. ಆ ಸ್ವಾಹಿಲಿ ಪದಕ್ಕೆ ಸ್ವಾತಂತ್ರ್ಯವೆಂದೇ ಅರ್ಥ.

ತುದಿಯವರೆಗೆ ವಾಹನವೂ ಹೋಗುತ್ತದೆ, ಆದರೂ ನಡೆದೇ ಹತ್ತಬೇಕು ಎಂಬುದು ನನ್ನ ಅಭಿಪ್ರಾಯ. ನದಿಯ ಕೆಳಭಾಗದ ಪಾರಾ ಎಂಬಲ್ಲಿಂದ ಹೊರಡುವ ದೋಣಿ ನೀರಾನೆ, ಮೊಸಳೆಗಳನ್ನು ತೋರಿಸುತ್ತ ಬಂದು, ಸೆಳೆತ ಹೆಚ್ಚಾಗುವ ಮೊದಲೇ ನಿಲ್ಲುತ್ತದೆ. ಅಲ್ಲಿಳಿದು ಅರಣ್ಯ ಸಿಬ್ಬಂದಿಯೊಡನೆ ಏರಬೇಕು. ಜೋಗದ ಮೆಟ್ಟಿಲುಗಳನ್ನು ಇಳಿದು ಹತ್ತಿದವರಿಗೆ ಈ ದಾರಿ ಕಷ್ಟವೇನಲ್ಲ, ಆದರೆ ನಮ್ಮ ಕಾಡಿನ ನೆರಳು ಅಲ್ಲಿಲ್ಲ. ಸಫಾರಿಯಲ್ಲಿ ಜಿರಾಫೆ, ಆನೆಗಳು ಧಾರಾಳವಾಗಿ ಕಂಡವು. ಸಕ್ರೆಬೈಲಿನಲ್ಲಿ ಆನೆಗೆ ಸ್ನಾನ ಮಾಡಿಸಿದ್ದ ನನ್ನ ಮಗಳು ಮಾತ್ರ ಮಾವುತರೆಲ್ಲಿ ಎಂದು ಕೇಳುತ್ತಲೇ ಇದ್ದಳು.

ದೂರು ನಮ್ಮೂರಿನ ಪ್ರವಾಸ ಏಜೆಂಟರ ಮೇಲೆ. ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಂಡಿರಬೇಕೆಂಬುದನ್ನು ಅವರು ಕೊನೆಯ ಗಳಿಗೆಯಲ್ಲಿ ಹೇಳಿದ್ದರಿಂದ ಬೆಂಗಳೂರಿಗೆ ಓಡಬೇಕಾಯಿತು. ತ್ಸೆತ್ಸೆ ನೊಣದ ವಿಷಯವನ್ನಂತೂ ಹೇಳಲೇ ಇಲ್ಲ. ನೀಲಿ, ಕಪ್ಪು ಬಣ್ಣಗಳು ಅದನ್ನು ಸೆಳೆಯುತ್ತವೆ. ಅದನ್ನು ಹಿಡಿಯಲು ದಾರಿಯುದ್ದಕ್ಕೂ ಅದೇ ಬಣ್ಣದ ಬಟ್ಟೆಗಳನ್ನು ತೂಗುಹಾಕಿರುತ್ತಾರೆ. ನಾನು ತೊಟ್ಟಿದ್ದದ್ದು ನೀಲಿ ಅಂಗಿ. ಉಂಬಳ ಕಚ್ಚಿದ್ದು ರಕ್ತ ಕಂಡ ಮೇಲಷ್ಟೇ ತಿಳಿಯುತ್ತದೆ, ಇದು ಬಟ್ಟೆಯ ಮೇಲಿನಿಂದಲೇ ಸೂಜಿಯಂತೆ ಚುಚ್ಚುತ್ತದೆ.

ಜಲಪಾತವಿರುವ ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕ 24 ಗಂಟೆಯ ಲೆಕ್ಕದಲ್ಲಿದ್ದು, ವಿದೇಶಿಯರಿಗೆ ದುಬಾರಿಯೇ. ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ: ಬಾಳೆಕಾಯಿಯನ್ನು ಎಲೆಯಲ್ಲಿ ಸುತ್ತಿ ಬೇಯಿಸಿ ಮುದ್ದೆ ಮಾಡಿದ ಮಟೋಕೆ ಮತ್ತು ಶೇಂಗಾ ಗೊಜ್ಜು ಸಿಗುತ್ತದೆ. ಖಾರ ಇರುವುದಿಲ್ಲ, ನಾವು ಒಯ್ದಿದ್ದ ಅಪ್ಪೆಮಿಡಿ ಉಪ್ಪಿನಕಾಯಿ ಎರಡೇ ದಿನದಲ್ಲಿ ಮುಗಿಯಿತು.